ಅಟ್ಟದ ಮೇಲಿನ ಕಂಪ್ಯೂಟರ್ ಇಳಿಸುವ ಮುನ್ನ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಗಡುವು ಮುಗಿದದ್ದೇ ತಡ, ಚೆನ್ನಾಗಿ ಓಡುತ್ತಿದ್ದ ಕಂಪ್ಯೂಟರನ್ನು ಹಳೇ ಬೆಡ್‌ಶೀಟು ಹೊದಿಸಿ ಅಟ್ಟಕ್ಕೆ ಹಾಕಿದಿರಿ. ಅದೇನು ಕೆಟ್ಟಿರಲಿಲ್ಲ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಬೇಕು, ನಿಮ್ಮದರಲ್ಲಿ ಅವಿಲ್ಲ, ಅಷ್ಟೆ. ಇತ್ತ ಮನೆಯವರ ಫೋನುಗಳೆಲ್ಲ ತುಂಬಿ ತುಳುಕುತ್ತಿವೆ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಹೊಸ ಫೋಟೋಗಳನ್ನೆಲ್ಲ 15 ಜಿಬಿ ಲೆಕ್ಕಕ್ಕೆ ಸೇರಿಸತೊಡಗಿತು. ನೀವು ತಿಂಗಳು ತಿಂಗಳು ಬಾಡಿಗೆ ಕಟ್ಟತೊಡಗಿದಿರಿ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ. ಆ ಅಟ್ಟದ ಮೇಲಿನ ಡಬ್ಬವನ್ನೇ ಇಳಿಸಿದರೆ ಮನೆಯ ಕಡತ, ಫೋಟೋ, ಹಾಡು, ಸಿನಿಮಾ ಎಲ್ಲಕ್ಕೂ ಒಂದೇ ಉಗ್ರಾಣ ಆಗುತ್ತದೆ. ಮನೆ ಸರ್ವರ್ ಎಂದರೆ ಇಷ್ಟೇ, ಹೆದರಬೇಡಿ.

ಆದರೆ ಒಂದು ಮಾತು ಮೊದಲೇ ತಲೆಯಲ್ಲಿಟ್ಟುಕೊಳ್ಳಿ. ಹಳೆಯದು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬ ವಿವೇಕ ಇದ್ದವರಿಗೆ ಮಾತ್ರ ಈ ಕೆಲಸ. ಪ್ರೊಸೆಸರ್ ಹಳೆಯದಾಗಿರಲಿ, ಮದರ್‌ಬೋರ್ಡ್ ಹಳೆಯದಾಗಿರಲಿ, ಕ್ಯಾಬಿನೆಟ್ ಅಂತೂ ಎಷ್ಟು ಹಳೆಯದಾದರೂ ಆಗಲಿ. ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಮತ್ತು ಫೋಟೋಗಳು ಕೂರುವ ಹಾರ್ಡ್ ಡಿಸ್ಕ್, ಈ ಎರಡರಲ್ಲಿ ಮಾತ್ರ ಜಿಪುಣತನ ಬೇಡ. ಮುಂದೆ ಹೇಳುವುದೆಲ್ಲ ಇದರ ವಿಸ್ತರಣೆಯೇ.

ಮೊದಲು ನಿಮ್ಮ ಯಂತ್ರದ ಯೋಗ್ಯತೆ ನೋಡಿ. ಪ್ರೊಸೆಸರ್ 64 ಬಿಟ್‌ನದಾಗಿರಬೇಕು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರೇ ಇಲ್ಲ. ರ‍್ಯಾಮ್ 4 ಜಿಬಿ ಇದ್ದರೆ ಕಡತ ಹಂಚಿಕೊಳ್ಳಲು, ಸಿನಿಮಾ ನೋಡಲು ಸಾಕು. 8 ಜಿಬಿ ಇದ್ದರೆ ಆರಾಮ. ನಾಲ್ಕನೆಯದೋ ಆರನೆಯದೋ ತಲೆಮಾರಿನ ಕೋರ್ ಐ3, ಐ5 ಆದರೆ ಧಾರಾಳವಾಯಿತು. ಆಟ ಆಡಲು ಹಾಕಿಸಿದ ಗ್ರಾಫಿಕ್ಸ್ ಕಾರ್ಡ್ ಇದ್ದರೆ, ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದೆಯೇ ನೋಡಿಕೊಂಡು, ತೆಗೆದುಬಿಡಿ. ಸುಮ್ಮನೆ ಕೂತು ಕರೆಂಟ್ ತಿನ್ನುವವರನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು.

ಕರೆಂಟಿನ ಲೆಕ್ಕ ಹಾಕದೆ ಮುಂದೆ ಹೋಗಲೇಬೇಡಿ. ಸುಮ್ಮನಿದ್ದಾಗ 50 ವ್ಯಾಟ್ ಎಳೆಯುವ ಡೆಸ್ಕ್‌ಟಾಪನ್ನು ದಿನವಿಡೀ ಓಡಿಸಿದರೆ ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36 ಯೂನಿಟ್. 15 ವ್ಯಾಟಿನ ಹಳೇ ಲ್ಯಾಪ್‌ಟಾಪಾದರೆ ಹೆಚ್ಚುಕಡಿಮೆ ಹನ್ನೊಂದು ಯೂನಿಟ್. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಪಡೆಯುತ್ತಿರುವ ಮನೆಯಾದರೆ ಇನ್ನೂ ಎಚ್ಚರ ಬೇಕು. ಈ 36 ಯೂನಿಟ್ ಸೇರಿ 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ನಿಮ್ಮ ತಲೆಗೆ. ಆಮೇಲೆ ಅತ್ತೆಯವರು ಬಿಲ್ ಹಿಡಿದುಕೊಂಡು ಬಂದರೆ ನನ್ನ ಹೆಸರು ಹೇಳಬೇಡಿ. ಸಾಕೆಟ್ಟಿಗೆ ಸಿಕ್ಕಿಸುವ ಪವರ್ ಮೀಟರ್ ಸಿಗುತ್ತದೆ, ತಂದು ಒಂದು ದಿನ ಅಳೆದು ನೋಡಿ. ನಿಮ್ಮ ಮನೆಯಲ್ಲಿ ಸಂಜೆ ಮಾತ್ರ ಉಪಯೋಗವಾದರೆ ರಾತ್ರಿ ತಾನಾಗಿ ಆರಿ, ಸಂಜೆ ತಾನಾಗಿ ಏಳುವ ಹಾಗೆ ಹೊತ್ತು ಗೊತ್ತುಮಾಡಿ. ಬಹುಪಾಲು ಮದರ್‌ಬೋರ್ಡ್‌ಗಳ ಬಯೋಸ್‌ನಲ್ಲಿ ತಾನಾಗಿ ಏಳಿಸುವ ಅನುಕೂಲ ಇದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ.

ಯಂತ್ರ ತೀರಾ ಹಳೆಯದಾಗಿದ್ದು ಕರೆಂಟ್ ಬಕಾಸುರನಾಗಿದ್ದರೆ ಅದನ್ನೇ ಹಿಡಿದು ಹಟ ಮಾಡಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಚೇರಿಗಳಿಂದ ವಾಪಸ್ ಬಂದ ಡೆಲ್, ಎಚ್‌ಪಿ, ಲೆನೊವೊ ಪುಟ್ಟ ಡೆಸ್ಕ್‌ಟಾಪ್‌ಗಳು ಸಿಗುತ್ತವೆ. ಕೊಳ್ಳುವಾಗ ಅಂಗಡಿಯಲ್ಲೇ ಆನ್ ಮಾಡಿಸಿ, ಬಯೋಸ್‌ಗೆ ಪಾಸ್‌ವರ್ಡ್ ಹಾಕಿಲ್ಲ ಎಂಬುದನ್ನು ನೋಡಿ, ಬಿಲ್ ಕೇಳಿ ಪಡೆಯಿರಿ. ಬಿಲ್ ಕೊಡದವರ ನಗುಮುಖ ನಂಬಿ ಬರಬೇಡಿ.

ಈಗ ಕ್ಯಾಬಿನೆಟ್ ಬಿಚ್ಚಿ. ಪ್ಲಗ್ ಕಿತ್ತ ಮೇಲೆ ಬಿಚ್ಚಿ, ಮೊದಲಲ್ಲ. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ, ಗಾಳಿಗೆ ಅದು ಗಿರಗಿರ ತಿರುಗಬಾರದು. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗಾಗಿದ್ದರೆ ಒರೆಸಿ ಹೊಸದು ಹಚ್ಚಿ, ಬಟಾಣಿ ಕಾಳಿನಷ್ಟು ಸಾಕು. ಬಯೋಸ್‌ನ ಸಿಆರ್2032 ಸೆಲ್ ಬದಲಿಸಿ. ಅದು ಸತ್ತಿದ್ದರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗಲೂ ತಾರೀಖು ಮರೆತು ನಿಲ್ಲುತ್ತದೆ. ಹಿಂಬದಿಯ ಖಾಲಿ ಸ್ಲಾಟ್‌ಗಳ ತಗಡು ಬಿದ್ದುಹೋಗಿದ್ದರೆ ಮುಚ್ಚಿ. ಬೆಚ್ಚಗಿನ ಜಾಗ ಕಂಡರೆ ಹಲ್ಲಿಯೂ ಇರುವೆಯೂ ಬಿಡುವುದಿಲ್ಲ. ಹಲ್ಲಿ ಒಳಗೆ ಹೋಗಿ ಸತ್ತರೆ ಬೋರ್ಡೂ ಅದರೊಡನೆ ಸಾಯಬಹುದು.

ಎಸ್‌ಎಂಪಿಎಸ್ ಬಗ್ಗೆ ಆಗಲೇ ಹೇಳಿದೆ, ಮತ್ತೆ ಹೇಳುತ್ತೇನೆ. ಹತ್ತು ವರ್ಷ ಬಿಸಿಲಿನಷ್ಟು ಕಾವು ಉಂಡ ಕೆಪಾಸಿಟರ್‌ಗಳು ಒಣಗಿರುತ್ತವೆ, ಕೆಲವು ತಲೆ ಉಬ್ಬಿಸಿಕೊಂಡಿರುತ್ತವೆ. ಅದು ಸಾಯುವಾಗ ಒಂಟಿಯಾಗಿ ಸಾಯುವುದಿಲ್ಲ, ಡಿಸ್ಕನ್ನೂ ಜೊತೆಗೆ ಕರೆದೊಯ್ಯಬಹುದು. ಆದ್ದರಿಂದ ಹೆಸರಿರುವ ಕಂಪನಿಯ, 80 ಪ್ಲಸ್ ಗುರುತಿನ ಹೊಸದು ಹಾಕಿಸಿ. 300-400 ವ್ಯಾಟಿನದು ಈ ಕೆಲಸಕ್ಕೆ ಹೆಚ್ಚೇ ಆಯಿತು. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುತ್ತದೆಯೇ? "ಅಷ್ಟೇನಿಲ್ಲ ಬಿಡಿ" ಅನ್ನಬೇಡಿ. ಸಾಕೆಟ್ಟಿನಲ್ಲಿ ಅರ್ಥಿಂಗ್ ಇಲ್ಲದಿರುವ ಲಕ್ಷಣ ಅದು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಅಡ್ಡದಾರಿ ಬಿಟ್ಟು ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಲ್ಯಾಪ್‌ಟಾಪ್ ಉಪಯೋಗಿಸುವವರಿಗೆ ಪ್ರತ್ಯೇಕ ಬುದ್ಧಿಮಾತಿದೆ. ಅದಕ್ಕೆ ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ನಡೆಯುತ್ತದೆ, ಖರ್ಚೂ ಕಡಿಮೆ, ಎಲ್ಲ ಸರಿ. ಆದರೆ ಸದಾ ಚಾರ್ಜರ್‌ಗೆ ಸಿಕ್ಕಿಸಿಟ್ಟ ಹಳೇ ಬ್ಯಾಟರಿ ಬಿಸಿಗೆ ಉಬ್ಬಬಹುದು. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ ಅದೇ ಸೂಚನೆ. ತಕ್ಷಣ ತೆಗೆಸಿ, ಚುಚ್ಚಬೇಡಿ, ಒತ್ತಬೇಡಿ, ಕಸದ ಬುಟ್ಟಿಗೆ ಎಸೆಯಬೇಡಿ. ಬ್ಯಾಟರಿ ಚೆನ್ನಾಗಿದ್ದರೆ, ಚಾರ್ಜು 60 ಅಥವಾ 80 ಪ್ರತಿಶತಕ್ಕೆ ನಿಲ್ಲುವಂತೆ ಮಾಡುವ ಸೌಲಭ್ಯ ಹಲವು ಮಾಡೆಲ್‌ಗಳಲ್ಲಿದೆ, ಹುಡುಕಿ ಹಾಕಿ. ಮುಚ್ಚಳ ಮುಚ್ಚಿದರೆ ನಿದ್ದೆ ಹೋಗುವ ಅಭ್ಯಾಸವನ್ನೂ ತಪ್ಪಿಸಿ.

ಇನ್ನು ಡಿಸ್ಕ್. ಹಳೇ ಡಿಸ್ಕ್‌ನ ಆರೋಗ್ಯವನ್ನು ಅದೇ ಬರೆದಿಟ್ಟುಕೊಳ್ಳುತ್ತದೆ. ಸ್ಮಾರ್ಟ್ ಎಂದು ಅದಕ್ಕೆ ಹೆಸರು. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಅದನ್ನು ಓದಿ ಹೇಳುತ್ತವೆ. ರೀಅಲೊಕೇಟೆಡ್ ಸೆಕ್ಟರ್, ಕರೆಂಟ್ ಪೆಂಡಿಂಗ್ ಸೆಕ್ಟರ್ ಎಂಬ ಎರಡು ಸಾಲುಗಳ ಮೂಲ ಎಣಿಕೆ ಸೊನ್ನೆ ಇರಬೇಕು. ಸೊನ್ನೆ ದಾಟಿ ಏರುತ್ತಿದ್ದರೆ ಆ ಡಿಸ್ಕ್‌ಗೆ ನಮಸ್ಕಾರ ಹೇಳಿ. ಎಷ್ಟು ಗಂಟೆ ಓಡಿದೆ ಎಂಬುದೂ ಅಲ್ಲೇ ಇರುತ್ತದೆ. ಬಿಡುವಿಲ್ಲದೆ ಓಡಿದ ಡಿಸ್ಕ್ ವರ್ಷಕ್ಕೆ 8,760 ಗಂಟೆ ಮುಗಿಸಿರುತ್ತದೆ. ಐದಾರು ವರ್ಷ ಹಾಗೆ ದುಡಿದದ್ದರ ಮೇಲೆ ಮಗಳ ನಾಮಕರಣದ ಫೋಟೋ ಇಡುವ ಧೈರ್ಯ ಮಾಡಬೇಡಿ. ಮತ್ತೆ ಸಿಗುವ ಸಿನಿಮಾ ಬೇಕಾದರೆ ಇಡಿ.

ಹೊಸದು ಕೊಳ್ಳುವಾಗ ಸಿಎಂಆರ್ ಬಗೆಯದೇ ಎಂದು ಕೇಳಿ. ಎಸ್‌ಎಂಆರ್ ಡಿಸ್ಕ್‌ನಲ್ಲಿ ದಾಖಲೆಯ ಪಟ್ಟಿಗಳು ಒಂದರ ಮೇಲೊಂದು ಹೆಂಚು ಹೊದಿಸಿದಂತೆ ಕೂರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು, ಅದಕ್ಕೇ ದೊಡ್ಡ ಬರವಣಿಗೆಯಲ್ಲಿ ತೆವಳುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಡಿಸ್ಕ್‌ಗಳಲ್ಲಿ ಕೆಲವು ಎಸ್‌ಎಂಆರ್ ಎಂದು ಗೊತ್ತಾಗಿ ಗದ್ದಲವೇ ಆಗಿತ್ತು. ಈಗ ರೆಡ್ ಪ್ಲಸ್, ಸೀಗೇಟ್‌ನ ಐರನ್‌ವುಲ್ಫ್ ಇವು ಸಿಎಂಆರ್. 2 ಟಿಬಿಗಿಂತ ದೊಡ್ಡ ಡಿಸ್ಕ್ ತಂದರೆ ಜಿಪಿಟಿ ವಿಧಾನದಲ್ಲೇ ಭಾಗ ಮಾಡಬೇಕು, ಹಳೇ ಎಂಬಿಆರ್‌ಗೆ ಅದರಾಚೆ ಕಣ್ಣು ಕಾಣದು. ಒಟ್ಟಿಗೇ ನಾಲ್ಕು ಡಿಸ್ಕ್ ಹೊತ್ತು ತರುವ ಹುರುಪು ಬೇಡ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೇಕೆ? ಮೊದಲು ನಿಮ್ಮ ಫೋಟೋ, ವಿಡಿಯೋ ಎಲ್ಲ ಸೇರಿ ಎಷ್ಟಿವೆ ನೋಡಿ, ಅದರ ಎರಡರಷ್ಟು ಹಿಡಿಯುವುದನ್ನು ತನ್ನಿ.

ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ. ಹೊಸಬರಿಗೆ ನನ್ನ ಸಲಹೆ ಓಪನ್‌ಮೀಡಿಯಾವಾಲ್ಟ್. ಡೆಬಿಯನ್ ಲಿನಕ್ಸ್ ಮೇಲೆ ನಿಂತದ್ದು, ಬ್ರೌಸರ್‌ನಲ್ಲೇ ಎಲ್ಲ ಕೆಲಸ ಆಗುತ್ತದೆ, ಹಳೇ ಯಂತ್ರಕ್ಕೆ ಭಾರವಿಲ್ಲ. ಟ್ರೂನ್ಯಾಸ್ ದೊಡ್ಡವರ ಮನೆಯ ಸಂಬಂಧ; 8 ಜಿಬಿ ರ‍್ಯಾಮ್ ಇಲ್ಲದೆ ಮಾತಾಡುವುದಿಲ್ಲ. ಕಾರ್ಯವ್ಯವಸ್ಥೆಗೆ ಒಂದು ಚಿಕ್ಕ ಎಸ್‌ಎಸ್‌ಡಿ, ನಿಮ್ಮ ಕಡತಗಳಿಗೆ ಬೇರೆ ಡಿಸ್ಕ್, ಹೀಗೆ ಪಾಲು ಮಾಡಿಕೊಳ್ಳಿ. ಗಮನವಿಟ್ಟು ಕೇಳಿ: ಇನ್‌ಸ್ಟಾಲ್ ಮಾಡುವಾಗ ಫೋಟೋ ಇರುವ ಡಿಸ್ಕ್‌ನ ಕೇಬಲನ್ನು ಕಿತ್ತಿಡಿ. ಯಾವ ಡಿಸ್ಕ್ ಅಳಿಸಲಿ ಎಂದು ಅದು ಕೇಳುತ್ತದೆ, ನೀವು ಫೋನಿನಲ್ಲಿ ಮಾತಾಡುತ್ತಾ ಎಂಟರ್ ಒತ್ತುತ್ತೀರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಇನ್‌ಸ್ಟಾಲ್ ಆದೊಡನೆ ಮಾಡಬೇಕಾದ್ದು ಪಾಸ್‌ವರ್ಡ್ ಬದಲಾವಣೆ. ಅದರ ಜೊತೆ ಬಂದ ಪಾಸ್‌ವರ್ಡ್ ಲೋಕಕ್ಕೆಲ್ಲ ಗೊತ್ತು. ನಿಮ್ಮ ಹೆಸರು, ಹುಟ್ಟಿದ ವರ್ಷ, 1234 ಇವು ಯಾವುವೂ ಬೇಡ. ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ ತೆರೆಯಿರಿ. ಮಕ್ಕಳಿಗೆ ಸಿನಿಮಾ, ಹಾಡಿನ ಫೋಲ್ಡರ್‌ಗಳನ್ನು ಓದಲಷ್ಟೇ ಬಿಡಿ. ಅಳಿಸುವ ಅಧಿಕಾರ ಬೇಡ. ಹಂಚಿದ ಫೋಲ್ಡರ್‌ಗೆ ರೀಸೈಕಲ್ ಬಿನ್ ಹಾಕುವ ಆಯ್ಕೆ ಇದೆ, ಹಾಕಿ; ಕೈತಪ್ಪಿ ಅಳಿಸಿದ್ದು ಅಲ್ಲಿ ಸಿಗುತ್ತದೆ. ವಿಂಡೋಸ್, ಮ್ಯಾಕ್, ಫೋನು ಎಲ್ಲದರಿಂದಲೂ ಆ ಫೋಲ್ಡರ್ ತೆರೆಯುವಂತೆ ಮಾಡುವುದು ಸಾಂಬಾ ಎಂಬ ತಂತ್ರಾಂಶ. ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರೂ ಟ್ರಿಡ್ಜೆಲ್ 1990ರ ದಶಕದ ಆರಂಭದಲ್ಲಿ ಶುರು ಮಾಡಿದ್ದು, ಇಂದಿಗೂ ಉಚಿತ. ಅದರಲ್ಲಿ ಎಸ್‌ಎಂಬಿ1 ಎಂಬ ಹಳೇ ಬಾಗಿಲನ್ನು ಮಾತ್ರ ತೆರೆಯಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತನ್ನೇ ನಡುಗಿಸಿದ ವನ್ನಾಕ್ರೈ ವಿಂಡೋಸ್ ಯಂತ್ರಗಳಿಗೆ ನುಗ್ಗಿದ್ದು ಆ ಬಾಗಿಲಿನಿಂದಲೇ.

ಸರ್ವರನ್ನು ವೈಫೈನಲ್ಲಿ ಇಡಬೇಡಿ, ರೂಟರ್‌ಗೆ ತಂತಿ ಎಳೆಯಿರಿ. ತಂತಿ ಎಳೆಯಲು ಬಂದ ಹುಡುಗ ಎಂಟು ಎಳೆಗಳಲ್ಲಿ ನಾಲ್ಕನ್ನೇ ಕ್ರಿಂಪ್ ಮಾಡಿ "ಆಯ್ತು ಮೇಡಂ" ಅನ್ನಬಹುದು. ನಾಲ್ಕೆಳೆಯಲ್ಲಿ 100 ಎಂಬಿಪಿಎಸ್ ದಾಟುವುದಿಲ್ಲ. ಗಿಗಾಬಿಟ್‌ಗೆ ಎಂಟೂ ಬೇಕು. 100 ಜಿಬಿ ಮದುವೆ ವಿಡಿಯೋ ಕಳಿಸಲು ಮೊದಲನೆಯದರಲ್ಲಿ ಎರಡು ಗಂಟೆಗೂ ಹೆಚ್ಚು, ಎರಡನೆಯದರಲ್ಲಿ ಕಾಲು ಗಂಟೆ. ನಿಂತು ನೋಡಿ ಮಾಡಿಸಿ, ನಾಚಿಕೆ ಬೇಡ. ರೂಟರ್‌ನಲ್ಲಿ ಸರ್ವರ್‌ಗೆ ಒಂದು ಐಪಿ ವಿಳಾಸ ಕಾಯಂ ಮಾಡಿಸಿ, ಇಲ್ಲದಿದ್ದರೆ ದಿನಕ್ಕೊಂದು ಮನೆ ಬದಲಿಸುತ್ತದೆ.

ಸಿನಿಮಾ, ಹಾಡಿಗೆ ಜೆಲ್ಲಿಫಿನ್ ಹಾಕಿಕೊಳ್ಳಿ. ಎಂಬಿ ಎಂಬ ತಂತ್ರಾಂಶ ತನ್ನ ಮೂಲವನ್ನು ಮುಚ್ಚಿಕೊಂಡಾಗ, 2018ರ ಡಿಸೆಂಬರ್‌ನಲ್ಲಿ ಅದರಿಂದ ಕವಲೊಡೆದದ್ದು ಇದು, ಪೂರ್ತಿ ಉಚಿತ. ಆಂಡ್ರಾಯ್ಡ್ ಟಿವಿಯಲ್ಲಿ ಇದರ ಆ್ಯಪ್ ಸಿಗುತ್ತದೆ. ಹಳೇ ಪ್ರೊಸೆಸರ್ ದಣಿಯುವುದು ವಿಡಿಯೋ ಕಳಿಸುವಾಗ ಅಲ್ಲ, ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸುವಾಗ. ಟಿವಿಗೆ ಅರ್ಥವಾಗುವ ಎಚ್.264 ರೂಪದಲ್ಲೇ ಇಟ್ಟರೆ ಸರ್ವರ್‌ಗೆ ಸಾಗಿಸುವ ಕೆಲಸವಷ್ಟೇ. ಇಂಟೆಲ್ ಯಂತ್ರದಲ್ಲಿ 10 ಬಿಟ್ ಎಚ್‌ಇವಿಸಿ ವಿಡಿಯೋವನ್ನು ಯಂತ್ರಾಂಶದ ಬಲದಿಂದ ತಿರುಗಿಸಬೇಕಾದರೆ ಏಳನೇ ತಲೆಮಾರು ಬೇಕು. ಅದಿಲ್ಲದಿದ್ದರೆ ಕೊರಗಬೇಡಿ, ರೂಪ ಬದಲಿಸಿ ಇಟ್ಟುಕೊಳ್ಳಿ. ಹೆಸರಿಡುವಾಗ ವರ್ಷ ಸೇರಿಸಿ: "ನಾಗರಹಾವು (1972)" ಎಂದು. ಬರೀ "ನಾಗರಹಾವು" ಅಂದರೆ ಪುಟ್ಟಣ್ಣನವರದೋ 2016ರದೋ ಎಂದು ಅದಕ್ಕೆ ಹೇಗೆ ತಿಳಿಯಬೇಕು? ಮತ್ತೆ, ಕದ್ದ ಸಿನಿಮಾಗಳನ್ನು ತುಂಬಬೇಡಿ. ದುಡ್ಡು ಕೊಟ್ಟು ಕೊಂಡ ಡಿಸ್ಕ್‌ಗಳು, ನೀವೇ ಮಾಡಿಕೊಂಡ ವಿಡಿಯೋಗಳು, ಅಜ್ಜಿಯ ದನಿಯ ಕ್ಯಾಸೆಟ್‌ಗಳು, ಇವಕ್ಕೆ ಈ ಮನೆ.

ಕ್ಯಾಸೆಟ್ ಎಂದಾಗ ನೆನಪಾಯಿತು. ಟೇಪುಗಳಲ್ಲಿ, ಪುಟ್ಟ ವಿಡಿಯೋ ಕ್ಯಾಸೆಟ್‌ಗಳಲ್ಲಿ ಇರುವುದನ್ನು ಈಗಲೇ ಡಿಜಿಟಲ್ ಮಾಡಿಸಿ. ಟೇಪ್ ಬೂಷ್ಟು ಹಿಡಿಯುತ್ತದೆ, ಓಡಿಸುವ ಯಂತ್ರ ಸಿಗುವುದೇ ಕಷ್ಟವಾಗಿದೆ. ನಾಳೆ ಎಂದವನ ಮನೆ ಹಾಳು. ಹಾಗೆಯೇ ನಮ್ಮ ಕನ್ನಡದವರಿಗೆ ವಿಶೇಷವಾಗಿ ಇನ್ನೊಂದು ಮಾತು. ಹಿಂದೆ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿಟ್ಟ ಕಡತಗಳು, ಅಂದರೆ ಮನೆಯ ಕರಾರು ಪತ್ರ, ವಂಶವೃಕ್ಷ, ಅಪ್ಪ ಬರೆದ ಲೇಖನ, ಬಹಳಷ್ಟು ಯೂನಿಕೋಡ್‌ನಲ್ಲಿಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಸರ್ವರ್‌ಗೆ ಹಾಕುವ ಮುಂಚೆ ಯೂನಿಕೋಡ್‌ಗೆ ಪರಿವರ್ತಿಸಿ, ಒಂದು ಪಿಡಿಎಫ್ ಪ್ರತಿಯನ್ನೂ ಮಾಡಿ, ಹಳೇ ಫಾಂಟನ್ನೂ ಪಕ್ಕದಲ್ಲೇ ಇಡಿ. ಅಕ್ಷರ ಓದಲಾಗದಿದ್ದರೆ ಕಡತ ಉಳಿದೇನು ಫಲ?

ಫೋಟೋಗಳನ್ನು ಹಾಕುವಾಗಲೂ ಸ್ವಲ್ಪ ಅಚ್ಚುಕಟ್ಟು ಇರಲಿ. ವರ್ಷ, ತಿಂಗಳು, ಸಂದರ್ಭ ಈ ಕ್ರಮದಲ್ಲಿ ಫೋಲ್ಡರ್ ಮಾಡಿ. "ಹೊಸ ಫೋಲ್ಡರ್ 7" ಎಂಬ ಹೆಸರು ಕಂಡರೆ ನನಗೆ ಸಿಟ್ಟು ಬರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದದ್ದು ಸೊರಗಿದ ಪ್ರತಿ. ತೆಗೆದವರ ಫೋನಿನಿಂದ ಮೂಲವನ್ನೇ ಪಡೆಯಿರಿ. ಶುಭೋದಯದ ಗುಲಾಬಿ ಹೂವುಗಳನ್ನು ದಯವಿಟ್ಟು ಅಳಿಸಿ ಬನ್ನಿ. ರ‍್ಯಾಮ್ 8 ಜಿಬಿ ಇದ್ದರೆ ಇಮಿಚ್ ಎಂಬ ತಂತ್ರಾಂಶ ಹಾಕಿ, ಫೋನಿನಿಂದ ಫೋಟೋಗಳು ತಾವಾಗಿಯೇ ಬಂದು ಸೇರುತ್ತವೆ, ಮುಖ ನೋಡಿ ವಿಂಗಡಿಸುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಅರ್ಧ ಕೇಳಿ ಎದ್ದು ಹೋಗಬೇಡಿ. ಸರ್ವರ್ ಬೇರೆ, ಬ್ಯಾಕಪ್ ಬೇರೆ. "ಎರಡು ಡಿಸ್ಕ್ ಹಾಕಿ ರೇಡ್ ಮಾಡಿದ್ದೇನೆ" ಎಂದು ಎದೆಯುಬ್ಬಿಸಬೇಡಿ. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ 1988ರಲ್ಲಿ ರೇಡ್ ಕುರಿತು ಪ್ರಬಂಧ ಮಂಡಿಸಿದರು; ಅದು ಕಾಯುವುದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ, ಅಷ್ಟೆ. ನೀವು ಒಂದು ಫೋಟೋ ಅಳಿಸಿದರೆ ರೇಡ್ ಎರಡೂ ಕಡೆ ಪ್ರಾಮಾಣಿಕವಾಗಿ ಅಳಿಸುತ್ತದೆ. ಮನೆಗೆ ರೇಡ್ ಬೇಡವೇ ಬೇಡ. ಎರಡನೇ ಡಿಸ್ಕ್‌ಗೆ ದಿನಕ್ಕೊಮ್ಮೆ ಆರ್‌ಸಿಂಕ್‌ನಿಂದ ನಕಲು ಮಾಡಿಸಿ. ಆ ತಂತ್ರಾಂಶವನ್ನು ಹುಟ್ಟುಹಾಕಿದವರಲ್ಲೂ ಸಾಂಬಾದ ಅದೇ ಟ್ರಿಡ್ಜೆಲ್ ಇದ್ದಾರೆ. ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಸೂತ್ರ ಬಾಯಿಪಾಠ ಮಾಡಿ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಿಂದ ಹೊರಗೆ. ಹೊರಗಿನದು ತವರುಮನೆಯ ಬೀರುವಿನಲ್ಲಿರುವ ಎಕ್ಸ್‌ಟರ್ನಲ್ ಡಿಸ್ಕ್ ಆದರೂ ಸರಿ. ಹಬ್ಬಕ್ಕೆ ಹೋದಾಗ ಬದಲಿಸಿ ಬನ್ನಿ. ಅದನ್ನು ಸದಾ ಸಿಕ್ಕಿಸಿಡಬೇಡಿ. ಒತ್ತೆಹಣ ಕೇಳುವ ವೈರಸ್ ಸಿಕ್ಕಿಸಿದ್ದನ್ನೆಲ್ಲ ಹಾಳುಮಾಡುತ್ತದೆ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಫೋಲ್ಡರ್ ವಾಪಸ್ ತಂದು ತೆರೆದು ನೋಡಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಹಾಗೆ ಆಗಬಾರದು.

ಊರಲ್ಲಿದ್ದಾಗಲೂ ಮನೆಯ ಕಡತ ನೋಡಬೇಕೆಂಬ ಆಸೆ ಸಹಜ. ಅದಕ್ಕಾಗಿ ರೂಟರ್‌ನಲ್ಲಿ ಪೋರ್ಟ್ ತೆರೆದು ಸರ್ವರನ್ನು ಬೀದಿಗೆ ನಿಲ್ಲಿಸಬೇಡಿ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ದಾಳಿ ಹೀಗೆ ಬಯಲಿಗೆ ನಿಂತ ಕ್ಯೂನ್ಯಾಪ್ ಕಂಪನಿಯ ಪೆಟ್ಟಿಗೆಗಳನ್ನೇ ಹುಡುಕಿ ಬೀಗ ಜಡಿಯಿತು. ವೈರ್‌ಗಾರ್ಡ್ ಆಧಾರಿತ ಟೇಲ್‌ಸ್ಕೇಲ್ ಹಾಕಿಕೊಳ್ಳಿ. ನಿಮ್ಮ ಫೋನಿಗೂ ಸರ್ವರ್‌ಗೂ ಖಾಸಗಿ ದಾರಿ ಮಾಡಿಕೊಡುತ್ತದೆ. ಸ್ವಂತ ಪಬ್ಲಿಕ್ ಐಪಿ ಕೊಡದ ಇಂಟರ್ನೆಟ್ ಸಂಪರ್ಕದಲ್ಲೂ ನಡೆಯುತ್ತದೆ.

ನಮ್ಮ ಊರಿನ ಕರೆಂಟಿನ ಗುಣ ನಿಮಗೆ ಗೊತ್ತೇ ಇದೆ. ಸರ್ವರ್‌ಗೂ ರೂಟರ್‌ಗೂ ಯುಪಿಎಸ್ ಇರಲಿ. ಇನ್ವರ್ಟರ್ ಮೇಲೇ ಓಡಿಸುವುದಾದರೆ ಅದರ ಹಿಂಬದಿಯ ಯುಪಿಎಸ್ ಮೋಡ್ ಸ್ವಿಚ್ ಒತ್ತಿ, ಇಲ್ಲದಿದ್ದರೆ ಬದಲಾಗುವ ಕ್ಷಣದಲ್ಲಿ ಯಂತ್ರ ಆರಿ ಹೊತ್ತಬಹುದು. ಬಯೋಸ್‌ನಲ್ಲಿ ಕರೆಂಟ್ ಬಂದೊಡನೆ ತಾನಾಗಿ ಆನ್ ಆಗುವ ಆಯ್ಕೆ ಇದೆ, ಹಾಕಿಡಿ. ಮಲೆನಾಡು, ಕರಾವಳಿಯವರು ಗುಡುಗು ಶುರುವಾದರೆ ಸಿನಿಮಾ ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ, ಸರಿಯಾಗಿ ಶಟ್‌ಡೌನ್ ಮಾಡಿ ಪ್ಲಗ್ಗನ್ನೂ ನೆಟ್‌ವರ್ಕ್ ತಂತಿಯನ್ನೂ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಕು ಎಂದುಕೊಳ್ಳಬೇಡಿ. ಗಾಳಿ ಆಡದ ಟಿವಿ ಕಪಾಟು, ಒಗ್ಗರಣೆ ಹೊಗೆ ಬಡಿಯುವ ಜಾಗ, ನೆಲ ಒರೆಸುವಾಗ ನೀರು ತಾಗುವ ಮೂಲೆ ಇವು ಮೂರೂ ಸರ್ವರ್‌ಗೆ ಆಗದು.

ಉಳಿದ ಭಾಗಗಳನ್ನು ಗುಜರಿಯವರಿಗೆ ತೂಕಕ್ಕೆ ಹಾಕಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿದ್ದಾರೆ, ಅವರಿಗೆ ಕೊಡಿ. ಕೊಡುವ ಮುನ್ನ ಹಳೇ ಡಿಸ್ಕನ್ನು ಪೂರ್ತಿ ಅಳಿಸಿ. ಬರೀ ಡಿಲೀಟ್ ಒತ್ತಿದರೆ ನಿಮ್ಮ ಆಧಾರ್, ಪಾನ್ ಪ್ರತಿಗಳು ಅಲ್ಲೇ ಕೂತಿರುತ್ತವೆ.

ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಈ ಸರ್ವರ್ ಮನೆಯವರೆಲ್ಲರದ್ದು. ನಿಮಗೊಬ್ಬರಿಗೇ ಗೊತ್ತಿದ್ದರೆ, ನೀವು ಊರಲ್ಲಿಲ್ಲದ ದಿನ ಅದು ಮುಚ್ಚಿದ ಪೆಟ್ಟಿಗೆ. ಒಂದು ನೋಟ್‌ಬುಕ್ಕಿನಲ್ಲಿ ಪಾಸ್‌ವರ್ಡ್, ಯಾವ ಡಿಸ್ಕ್‌ನಲ್ಲಿ ಏನಿದೆ, ಆನ್-ಆಫ್ ಮಾಡುವ ಕ್ರಮ, ಬ್ಯಾಕಪ್ ಇರುವ ಜಾಗ ಎಲ್ಲ ಕನ್ನಡದಲ್ಲಿ ಬರೆದು ಮನೆಪತ್ರದ ಜೊತೆ ಬೀರುವಿನಲ್ಲಿಡಿ. ಮನೆಯವರನ್ನು ಕೂರಿಸಿ ಒಮ್ಮೆ ಅವರ ಕೈಯಲ್ಲೇ ಮಾಡಿಸಿ.

ಎಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ. ಈ ಭಾನುವಾರ ಕ್ಯಾಬಿನೆಟ್ ಒರೆಸಿ, ಡಿಸ್ಕ್‌ನ ಆರೋಗ್ಯ ನೋಡಿ, ಕರೆಂಟ್ ಅಳೆಯಿರಿ. ಮುಂದಿನ ವಾರ ಎಸ್‌ಎಂಪಿಎಸ್, ಹೊಸ ಡಿಸ್ಕ್ ತನ್ನಿ. ಅದರ ಮುಂದಿನ ವಾರ ಇನ್‌ಸ್ಟಾಲ್. ಬ್ಯಾಕಪ್ ಒಂದು ಸಲ ವಾಪಸ್ ಬಂದದ್ದನ್ನು ಕಣ್ಣಾರೆ ನೋಡುವವರೆಗೂ ಫೋನಿನಿಂದ ಒಂದು ಫೋಟೋವನ್ನೂ ಅಳಿಸಬೇಡಿ, ಗೂಗಲ್‌ಗೆ ಕಟ್ಟುವ ಬಾಡಿಗೆಯನ್ನೂ ನಿಲ್ಲಿಸಬೇಡಿ.